ಊಟ ಮೊದಲು, ಕಿಲೋಮೀಟರ್ ಆಮೇಲೆ: ಫ್ರಾನ್ಸ್‌ನ ಲ್ವಾರ್ ಕಣಿವೇಲಿ ಸೈಕಲ್, ಚೀಸ್, ವೈನ್ ಸೇರಿಸಿ ಐದು ದಿನ ತಿರುಗೋದು ಹೇಗೆ

ಲ್ವಾರ್ ನದಿ ಪಕ್ಕ ಸೈಕಲ್ ತುಳೀಬೇಕು, ದಾರೀಲಿ ಒಳ್ಳೆ ಊಟ ಮಾಡ್ಬೇಕು, ವೈನ್ ಮಾಡೋರ ನೆಲಮಾಳಿಗೆಗೇ ಹೋಗಿ ರುಚಿ ನೋಡ್ಬೇಕು ಅಂತ ಆಸೆ ಇರೋರು ಸುಮಾರು ಜನ ನನ್ನ ಹತ್ರ ವಿಚಾರಿಸಿದ್ದಾರೆ, ಎಲ್ಲರ ಮೊದಲ ಪ್ರಶ್ನೆನೂ ಒಂದೇ: ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀಬಹುದು? ಆ ಪ್ರಶ್ನೆನ ಕೊನೆಗೆ ಇಟ್ಕೊಳ್ಳಿ ಅಂತೀನಿ ನಾನು. ಮೊದಲು ಮಧ್ಯಾಹ್ನದ ಊಟ ಎಲ್ಲಿ, ಯಾವ ಊರಲ್ಲಿ ಯಾವತ್ತು ಸಂತೆ, ಸಂಜೆ ಎಲ್ಲಿ ವೈನ್ ರುಚಿ ನೋಡ್ತೀರ, ಇಷ್ಟನ್ನ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಆಮೇಲೆ ಅವುಗಳ ಮಧ್ಯೆ ಸೈಕಲ್ ದಾರಿ ಎಳೀರಿ. ಕಿಲೋಮೀಟರ್ ತಾನಾಗೇ ಬರತ್ತೆ.

ನಾನು ಮೊದಲನೇ ಸಲ ಹೋದಾಗ ಇದನ್ನ ಉಲ್ಟಾ ಮಾಡಿದ್ದೆ. ದಿನಕ್ಕೆ 75 ಕಿಮೀ ಅಂತ ಲೆಕ್ಕ ಹಾಕಿ ಹೋಟೆಲ್ ಬುಕ್ ಮಾಡಿದ್ದೆ, ಊಟ ದಾರೀಲಿ ಎಲ್ಲೋ ಸಿಗತ್ತೆ ಅಂದ್ಕೊಂಡಿದ್ದೆ. ಎರಡನೇ ದಿನ ಒಂದು ಹಳ್ಳಿ ತಲುಪಿದಾಗ 2 ಗಂಟೆ 20 ನಿಮಿಷ. ಹೊರಗಡೆ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಆವತ್ತಿನ ಮೆನು ಇನ್ನೂ ಇತ್ತು, ಒಳಗಡೆ ನಾಲ್ಕೈದು ಟೇಬಲ್‌ನಲ್ಲಿ ಜನ ಕಾಫಿ ಕುಡೀತಾ ಕೂತಿದ್ರು, ಆದ್ರೆ ಒಲೆ ಆರಿಸಿಯಾಗಿತ್ತು. ಮುಂದಿನ ಊರಲ್ಲೂ ಅದೇ ಕತೆ. ಆವತ್ತು ಸಂಜೆ 7ರವರೆಗೂ ಬ್ಯಾಗಲ್ಲಿದ್ದ ಬಿಸ್ಕತ್ತಿನಲ್ಲೇ ಕಳೆದೆ. ಊಟಕ್ಕೆ ಅಂತಾನೇ ಜನ ಹುಡುಕ್ಕೊಂಡು ಬರೋ ನಾಡಲ್ಲಿ ಹೀಗಾಯ್ತಲ್ಲ ಅಂತ ತುಂಬಾ ಬೇಜಾರಾಗಿತ್ತು, ಅದಕ್ಕೇ ಇಷ್ಟು ಬಿಡಿಸಿ ಬರೀತಿದೀನಿ.

ಈ ದಾರಿನೇ ಯಾಕೆ

ಲ್ವಾರ್ ಫ್ರಾನ್ಸ್‌ನ ಅತಿ ಉದ್ದದ ನದಿ, 1,000 ಕಿಮೀಗಿಂತ ಸ್ವಲ್ಪ ಜಾಸ್ತಿ. ಅದರ ಪಕ್ಕ "ಲ್ವಾರ್ ಆ ವೆಲೋ" ಅನ್ನೋ ಸೈಕಲ್ ಮಾರ್ಗ ಇದೆ, ಸುಮಾರು 900 ಕಿಮೀ, ನೆವೆರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದ ತನಕ. ಇದರ ಬಹುಪಾಲು ಯೂರೋವೆಲೋ 6 ಅನ್ನೋ ದೊಡ್ಡ ಮಾರ್ಗದ ಭಾಗ, ಅದು ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೂ ಹೋಗತ್ತೆ. ದಾರಿ ಬೋರ್ಡ್ ಚೆನ್ನಾಗಿವೆ, ಹೆಚ್ಚಿನ ಕಡೆ ಸಮತಟ್ಟು, ಒಂದಷ್ಟು ದೂರ ಸೈಕಲ್‌ಗೇ ಬಿಟ್ಟ ದಾರಿ, ಇನ್ನೊಂದಷ್ಟು ದೂರ ಗಾಡಿ ಕಡಿಮೆ ಇರೋ ಹಳ್ಳಿ ರಸ್ತೆ. ಸುಲ್ಲಿಯಿಂದ ಶಾಲೋನ್ ತನಕದ ಕಣಿವೆನ ಯುನೆಸ್ಕೊ 2000ನೇ ಇಸವೀಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ.

ನಮಗೆ ಬೇಕಾಗಿರೋದು ಮಧ್ಯದ ತುಂಡು ಮಾತ್ರ, ಸೋಮ್ಯುರ್‌ನಿಂದ ಬ್ಲ್ವಾ ತನಕ, ಒಟ್ಟು ಸುಮಾರು 160-170 ಕಿಮೀ. ಇಷ್ಟರೊಳಗೇ ಮೂರ್ನಾಲ್ಕು ಥರ ವೈನ್, ಎರಡು ಮೂರು ಥರ ಮೇಕೆ ಹಾಲಿನ ಚೀಸ್, ಗುಹೆ ಒಳಗೆ ಬೆಳೆಯೋ ಅಣಬೆ, ಒಲೇಲಿ ಒಣಗಿಸಿದ ಪೇರ್ ಹಣ್ಣು, ಎಲ್ಲಾ ಸಿಗತ್ತೆ. ಐದು ದಿನಕ್ಕೆ ಇದು ಕಡಿಮೆ ದೂರ ಅಂತ ಸೈಕ್ಲಿಸ್ಟ್ ಗೆಳೆಯರು ಹೇಳ್ತಾರೆ, ಹೇಳ್ಲಿ ಬಿಡಿ, ನೀವು ಒಂದು ಗಂಟೆ ಕೂತು ಊಟ ಮಾಡಿ, ಒಂದು ಗಂಟೆ ಕಾವ್‌ನಲ್ಲಿ ನಿಂತು, ಒಂದು ಕೋಟೆನೋ ತೋಟನೋ ನೋಡಿ, ಕತ್ತಲಾಗೋ ಮುಂಚೆ ರೂಮಿಗೆ ಹೋಗ್ಬೇಕು ಅಂದ್ರೆ 25ರಿಂದ 40 ಕಿಮೀನೇ ಸರಿಯಾದ ಅಳತೆ. (ಕಾವ್ ಅಂದ್ರೆ ವೈನ್ ಇಡೋ ನೆಲಮಾಳಿಗೆ, ಈ ಪದ ಮುಂದೆ ತುಂಬಾ ಸಲ ಬರತ್ತೆ.)

ಹೆಜ್ಜೆ 1: ತಿಂಗಳು, ವಾರ, ಗಾಳಿ

ಮೇ ಕೊನೆಯಿಂದ ಜೂನ್, ಇಲ್ಲಾಂದ್ರೆ ಸೆಪ್ಟೆಂಬರ್. ಜುಲೈ ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ ಜನಾನೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನಡೀತಿರತ್ತೆ, ನೋಡೋಕೆ ಅದಕ್ಕಿಂತ ಚೆಂದ ಇಲ್ಲ, ಆದ್ರೆ ಚಿಕ್ಕ ಕಾವ್‌ನವರಿಗೆ ಉಸಿರಾಡೋಕೂ ಟೈಮ್ ಇರಲ್ಲ, ಮೊದಲೇ ಫೋನ್ ಮಾಡದೆ ಹೋದ್ರೆ ಬಾಗಿಲು ತಟ್ಟಿ ವಾಪಸ್ ಬರ್ಬೇಕಾಗತ್ತೆ.

ಗಾಳಿ ವಿಷಯ ಯಾರೂ ಮೊದಲೇ ಹೇಳಲ್ಲ. ಜನ ಸಾಮಾನ್ಯವಾಗಿ ನದಿ ಹರಿಯೋ ಕಡೆಗೇ, ಅಂದ್ರೆ ಪಶ್ಚಿಮಕ್ಕೆ ಸಮುದ್ರದ ಕಡೆ ಹೋಗ್ತಾರೆ, ಅದು ಇಳಿಜಾರು ಅನ್ನೋ ಲೆಕ್ಕದಲ್ಲಿ. ಆ ಇಳಿಜಾರು ಎಷ್ಟು ಕಡಿಮೆ ಅಂದ್ರೆ ಕಾಲಿಗೆ ಗೊತ್ತೇ ಆಗಲ್ಲ. ಗೊತ್ತಾಗೋದು ಗಾಳಿ, ಅದು ಹೆಚ್ಚಾಗಿ ಪಶ್ಚಿಮದಿಂದಾನೇ ಬೀಸತ್ತೆ. ಹೊಟ್ಟೆ ತುಂಬ ಊಟ ಮಾಡಿ ಮಧ್ಯಾಹ್ನ ಎದುರು ಗಾಳೀಲಿ 20 ಕಿಮೀ ತುಳಿಯೋದು ಬೇಡವೇ ಬೇಡ. ಅದಕ್ಕೇ ನಾನು ಸೋಮ್ಯುರ್‌ನಿಂದ ಶುರು ಮಾಡಿ ಪೂರ್ವಕ್ಕೆ ಬ್ಲ್ವಾ ಕಡೆ ಹೋಗಿ ಅಂತೀನಿ, ಬೆನ್ನ ಹಿಂದೆ ಗಾಳಿ ಇದ್ರೆ ಊಟ ಆದ್ಮೇಲಿನ ದಾರಿ ಬೇರೇನೇ ಆಗಿಬಿಡತ್ತೆ.

ವಾರದ ಲೆಕ್ಕ ಇನ್ನೂ ಮುಖ್ಯ. ಭಾನುವಾರ ರಾತ್ರಿ, ಸೋಮವಾರ ಪೂರ್ತಿ, ಈ ಕಡೆ ಹಳ್ಳಿಗಳಲ್ಲಿ ಬಹಳಷ್ಟು ರೆಸ್ಟೋರೆಂಟ್ ಮುಚ್ಚಿರ್ತವೆ. ಸಂತೆಗಳಿಗೂ ದಿನ ಗೊತ್ತಾಗಿದೆ: ಶಿನೋಂ ಊರಲ್ಲಿ ಗುರುವಾರ ಬೆಳಿಗ್ಗೆ, ಸೋಮ್ಯುರ್‌ನಲ್ಲಿ ಶನಿವಾರ, ಆಂಬ್ವಾಜ್‌ನಲ್ಲಿ ಭಾನುವಾರ ನದಿ ದಡದಲ್ಲೇ ದೊಡ್ಡ ಸಂತೆ. ಇದನ್ನೆಲ್ಲಾ ಸೇರಿಸಿ ನೋಡಿದಾಗ ಬುಧವಾರ ಹೊರಟು ಭಾನುವಾರ ಮುಗಿಸೋದು ಸರಿಹೋಗತ್ತೆ:

ಬುಧವಾರ ಸೋಮ್ಯುರ್‌ನಿಂದ ಶಿನೋಂ, ಸುಮಾರು 35 ಕಿಮೀ.
ಗುರುವಾರ ಬೆಳಿಗ್ಗೆ ಶಿನೋಂ ಸಂತೆ, ಆಮೇಲೆ ಅಝೆ-ಲ-ರಿದೋ, ಸುಮಾರು 30.
ಶುಕ್ರವಾರ ವಿಲಾಂದ್ರಿ ಮೇಲೆ ತೂರ್, ಸುಮಾರು 30.
ಶನಿವಾರ ಮೋಂಲ್ವಿ ಮೇಲೆ ಆಂಬ್ವಾಜ್, ಸುಮಾರು 25. ಇದು ವೈನ್ ದಿನ, ಅದಕ್ಕೇ ಚಿಕ್ಕದು.
ಭಾನುವಾರ ಬೆಳಿಗ್ಗೆ ಆಂಬ್ವಾಜ್ ಸಂತೆ, ಆಮೇಲೆ ಶೋಮೋಂ ಮೇಲೆ ಬ್ಲ್ವಾ, ಸುಮಾರು 40.

ಹೆಸರುಗಳನ್ನ ಬೋರ್ಡಲ್ಲಿ ಬರೆಯೋದಕ್ಕೂ ಬಾಯಲ್ಲಿ ಹೇಳೋದಕ್ಕೂ ಸಂಬಂಧಾನೇ ಇರಲ್ಲ, ಕೊನೇ ಅಕ್ಷರ ಎಷ್ಟೋ ಕಡೆ ನುಂಗಿಬಿಡ್ತಾರೆ, ಆದ್ರಿಂದ ಮ್ಯಾಪ್ ನೋಡಿ ಬರವಣಿಗೆ ಗುರ್ತಿಟ್ಕೊಂಡು ಹೋಗಿ.

ಹೆಜ್ಜೆ 2: ಸೈಕಲ್, ರೂಮು, ಟ್ರೇನು

ಇದನ್ನ ಬೇಗ ಮುಗಿಸ್ತೀನಿ. ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಿ, ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡೋ ವ್ಯವಸ್ಥೆ ಈ ಮಾರ್ಗದಲ್ಲಿ ಇದೆ. ತೆಳು ಟೈರಿನ ರೇಸಿಂಗ್ ಸೈಕಲ್ ಬೇಡ, ಅಲ್ಲಲ್ಲಿ ಗಟ್ಟಿ ಮಾಡಿದ ಜಲ್ಲಿ ದಾರಿ ಬರತ್ತೆ, 35ರಿಂದ 40 ಮಿಲಿಮೀಟರ್ ಟೈರಿನ ಹೈಬ್ರಿಡ್ ಸಾಕು. ಜೊತೇಲಿ ಬರೋರಿಗೆ ಅಭ್ಯಾಸ ಇಲ್ಲಾಂದ್ರೆ ಬ್ಯಾಟರಿ ಸೈಕಲ್ ಕೊಡಿಸಿ, ಅದರ ಮೋಟಾರ್ ಸಹಾಯ 25 ಕಿಮೀ ವೇಗದವರೆಗೆ ಮಾತ್ರ. ಒಬ್ಬರು ಏದುಸಿರು ಬಿಡ್ತಾ ಬಂದ್ರೆ ಊಟದ ಟೇಬಲ್ ಹತ್ರ ಇಬ್ಬರಿಗೂ ಖುಷಿ ಇರಲ್ಲ.

ರೂಮ್ ಬುಕ್ ಮಾಡುವಾಗ "ಆಕೈ ವೆಲೋ" ಅನ್ನೋ ಗುರುತು ಇದೆಯಾ ನೋಡಿ. ಸೈಕಲ್‌ನವರಿಗೆ ಅಂತಾನೇ ಇರೋ ಫ್ರಾನ್ಸ್‌ನ ಮಾನ್ಯತೆ ಅದು, ಸೈಕಲ್ ಮಾರ್ಗದಿಂದ 5 ಕಿಮೀ ಒಳಗೆ ಇರ್ಬೇಕು, ಸೈಕಲ್ ಇಡೋಕೆ ಬೀಗ ಹಾಕೋ ಜಾಗ, ರಿಪೇರಿ ಸಾಮಾನು ಇರ್ಬೇಕು. ಪ್ಯಾರಿಸ್‌ನಿಂದ ಸ್ಯಾಂ-ಪಿಯೆರ್-ದೆ-ಕೋರ್ ಸ್ಟೇಷನ್‌ಗೆ ಟಿಜಿವಿ ಅನ್ನೋ ವೇಗದ ರೈಲಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಲೋಕಲ್ ರೈಲಲ್ಲಿ ಸೋಮ್ಯುರ್. ಸ್ವಂತ ಸೈಕಲ್ ಇದ್ರೆ ಬೇಸಿಗೆಲಿ ರೈಲಲ್ಲಿ ಅದಕ್ಕೆ ಜಾಗ ಮೊದಲೇ ಬುಕ್ ಮಾಡ್ಬೇಕಾ ಅಂತ ನೋಡ್ಕೊಳ್ಳಿ.

ಹೆಜ್ಜೆ 3: ಊಟದ ಬ್ಯಾಗ್ ಬೇರೆ ಮಾಡಿ

ಪ್ಯಾನಿಯರ್ ಅಂದ್ರೆ ಸೈಕಲ್ ಚಕ್ರದ ಎರಡೂ ಪಕ್ಕ ನೇತಾಕೋ ಬ್ಯಾಗ್. ಬಟ್ಟೆ ಬರೆ ಒಂದು ಕಡೆ ಪ್ಯಾನಿಯರ್ ಬ್ಯಾಗಲ್ಲಿ, ಇನ್ನೊಂದು ಕಡೆ ಬ್ಯಾಗ್ ಪೂರ್ತಿ ಊಟಕ್ಕೆ. ನನ್ನ ಊಟದ ಬ್ಯಾಗಲ್ಲಿ ಇರೋದು: ಮಡಚೋ ಚಾಕು (ವಿಮಾನದಲ್ಲಿ ಚೆಕ್ ಇನ್ ಲಗೇಜಲ್ಲಿ ಹಾಕಿ), ಚಿಕ್ಕ ಮರದ ಹಲಗೆ, ಎರಡು ಹತ್ತಿ ಟವೆಲ್, ಮುಚ್ಚಳ ಭದ್ರ ಇರೋ ಒಂದು ಡಬ್ಬಿ, ಎರಡು ಸ್ಟೀಲ್ ಲೋಟ, ಕಾರ್ಕ್ ತೆಗೆಯೋ ಸ್ಕ್ರೂ, ಉಪ್ಪು ಮೆಣಸಿನ ಪುಡಿ ಪೊಟ್ಟಣ. ಒಂದು ಟವೆಲ್ ಯಾವಾಗ್ಲೂ ಒದ್ದೆ ಮಾಡಿ ಚೀಸ್ ಸುತ್ತ ಇಡೋಕೆ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿದ ಚೀಸ್ ಬಿಸಿಲಿಗೆ ಬೆವತು ಹುಳಿ ವಾಸನೆ ಬಂದುಬಿಡತ್ತೆ, ಅಂಗಡೀಲಿ ಸುತ್ತಿಕೊಟ್ಟ ಪೇಪರಲ್ಲೇ ಇಟ್ಟು ಮೇಲೆ ಒದ್ದೆ ಟವೆಲ್ ಹೊದಿಸಿ, ಬೆಳಿಗ್ಗೆ ತಗೊಂಡಿದ್ದನ್ನ ಮಧ್ಯಾಹ್ನಕ್ಕೇ ಮುಗಿಸಿ.

ಇನ್ನೊಂದು ಮಾತು, ತೆಳ್ಳಗಿನ ಒಂದು ಸ್ವೆಟರ್ ಕೈಗೆ ಸಿಗೋ ಹಾಗೆ ಮೇಲೆ ಇರ್ಲಿ. ಇಲ್ಲಿನ ಕಾವ್‌ಗಳು ತೂಫೋ ಅನ್ನೋ ಮೆತ್ತಗಿನ ಬಿಳಿ ಸುಣ್ಣಕಲ್ಲಿನ ಬೆಟ್ಟ ಕೊರೆದು ಮಾಡಿರೋವು. ಈ ಕಣಿವೆಯ ಅರಮನೆಗಳಿಗೆ, ಮನೆಗಳಿಗೆ ಕಲ್ಲು ತೆಗೆದ ಗುಹೆಗಳೇ ಆಮೇಲೆ ವೈನ್ ಇಡೋ ಜಾಗ ಆದ್ವು. ಒಳಗೆ ವರ್ಷ ಪೂರ್ತಿ ಸುಮಾರು 12 ಡಿಗ್ರಿ. ಹೊರಗೆ 30 ಡಿಗ್ರೀಲಿ ಬೆವರಿ ಒದ್ದೆಯಾದ ಟೀ ಶರ್ಟ್‌ನಲ್ಲಿ ಒಳಗೆ ಹೋಗಿ ಮುಕ್ಕಾಲು ಗಂಟೆ ನಿಂತ್ರೆ ಮಾರನೇ ದಿನ ಮೈ ಕೈ ನೋವು ಗ್ಯಾರಂಟಿ.

ಹೆಜ್ಜೆ 4: ಗಡಿಯಾರ ಊಟದ್ದು

ಮಧ್ಯಾಹ್ನ 12ರಿಂದ 2, ಊಟದ ಹೊತ್ತು ಅಷ್ಟೇ. ಒಂದೂವರೆಗೆ ಕೂತ್ರೆ ಹಳ್ಳೀಲಿ ಕೆಲವು ಸಲ ಮೆನು ಖಾಲಿ ಆಗಿರತ್ತೆ, 12:15ಕ್ಕೆ ಹೋಗಿ. ರಾತ್ರಿ ಊಟ 7 ಅಥವಾ ಏಳೂವರೆಗೆ ಶುರು. ಅದಕ್ಕೇ ಸಂತೆ ಇಲ್ಲದ ದಿನ ಬೆಳಿಗ್ಗೆ 8:30ಕ್ಕೆ ಹೊರಟು ದಿನದ ಮುಕ್ಕಾಲು ದೂರನ ಊಟಕ್ಕೆ ಮುಂಚೆ ಮುಗಿಸಿ, ಊಟ ಆದ್ಮೇಲೆ ಕನಿಷ್ಠ ಮುಕ್ಕಾಲು ಗಂಟೆ ಮರದ ನೆರಳಲ್ಲಿ ಕೂತ್ಕೊಳ್ಳಿ, ಹೊಟ್ಟೆ ತುಂಬಿದಾಗ ರಕ್ತ ಜಾಸ್ತಿ ಜೀರ್ಣಕ್ಕೆ ಹೋಗಿರತ್ತೆ, ಕಾಲು ಭಾರ ಅನ್ಸತ್ತೆ, ಆ ಹೊತ್ತಲ್ಲಿ ಜೋರಾಗಿ ತುಳಿದ್ರೆ ವಾಕರಿಕೆ ಬರತ್ತೆ. ಉಳಿದ ಕಾಲು ಭಾಗ ದೂರನ ಹಗುರ ಗೇರಲ್ಲಿ ನಿಧಾನಕ್ಕೆ ತುಳೀರಿ.

ಊಟ ಚೆನ್ನಾಗಿರ್ಬೇಕು ಅಂತ ಬೆಳಿಗ್ಗೆ ಏನೂ ತಿನ್ನದೆ ಹೊರಡೋರು ಇದಾರೆ, ಅದು ತಪ್ಪು. ಒಂದೂವರೆ ಗಂಟೆಗಿಂತ ಜಾಸ್ತಿ ತುಳಿಯೋದಿದ್ರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದೇಹಕ್ಕೆ ಬೇಕು, ಒಂದು ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ ಇರತ್ತೆ, ಅಷ್ಟು ಲೆಕ್ಕ ಸಾಕು. ಇಲ್ಲಾಂದ್ರೆ ಹಸಿವು ತಡೀದೆ ಟೇಬಲ್ ಮೇಲಿನ ಬ್ರೆಡ್ ಬುಟ್ಟಿನೇ ಖಾಲಿ ಮಾಡಿ, ಮುಖ್ಯ ತಟ್ಟೆ ಬರೋ ಹೊತ್ತಿಗೆ ಹೊಟ್ಟೇಲಿ ಜಾಗಾನೇ ಇರಲ್ಲ. ನೀರು ಗಂಟೆಗೆ ಸುಮಾರು ಅರ್ಧ ಲೀಟರ್. ರೆಸ್ಟೋರೆಂಟಲ್ಲಿ "ಉನ್ ಕರಾಫ್ ದೋ" ಅನ್ನಿ, ಊಟ ಮಾಡೋರಿಗೆ ನಲ್ಲಿ ನೀರಿನ ಹೂಜಿ ಫ್ರೀ ಕೊಡ್ಲೇಬೇಕು ಅಂತ ಅಲ್ಲಿ ಕಾನೂನೇ ಇದೆ. ಅಂಗಡಿ, ಹೋಟೆಲ್, ಕಾವ್, ಎಲ್ಲೇ ಹೋಗ್ಲಿ, ಬೇರೆ ಮಾತಿಗೂ ಮುಂಚೆ "ಬೊಂಜೂರ್". ಅದನ್ನ ಹೇಳದೆ ನೇರ ಕೇಳಿದ್ರೆ ಅವರಿಗೆ ಒರಟು ಅನ್ಸತ್ತೆ.

ಸಸ್ಯಾಹಾರಿಗಳು "ಜ ಸ್ವಿ ವೆಜೆತಾರ್ಯಾಂ" ಅಂದ್ರೆ ಸಾಲದು (ಹೆಂಗಸರು "ವೆಜೆತಾರ್ಯೆನ್" ಅನ್ಬೇಕು), ಜೊತೆಗೆ "ಸಾಂ ವ್ಯಾಂದ್, ಸಾಂ ಪ್ವಾಸೋಂ", ಮಾಂಸ ಬೇಡ ಮೀನು ಬೇಡ ಅಂತ ಬಿಡಿಸಿ ಹೇಳಿ, "ಸಾಂ ಲಾರ್ದೋಂ" ಅಂತಾನೂ ಸೇರಿಸಿ, ಯಾಕಂದ್ರೆ ಸಲಾಡ್ ಮೇಲೆ ಹಂದಿಮಾಂಸದ ಚಿಕ್ಕ ತುಂಡು ಉದುರಿಸೋದು ಅವರಿಗೆ ಮಾಮೂಲು. ಚೀಸ್ ವಿಷಯದಲ್ಲೂ ಒಂದು ಸಂಗತಿ ಗೊತ್ತಿರ್ಲಿ, ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹುಪಾಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸಿರ್ತಾರೆ. ಅದು ನಿಮಗೆ ಆಗಲ್ಲ ಅಂದ್ರೆ ಮೊದಲೇ ಕೇಳಿ ತಿಳ್ಕೊಳ್ಳಿ.

ಹೆಜ್ಜೆ 5: ವೈನ್ ಎಷ್ಟು, ಯಾವಾಗ

ಇದನ್ನ ದಯವಿಟ್ಟು ಪೂರ್ತಿ ಓದಿ. ಫ್ರಾನ್ಸ್‌ನಲ್ಲಿ ಸೈಕಲ್ ಓಡಿಸೋರಿಗೂ ಕಾರಿನವರ ಮಿತಿನೇ: ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್. ಮೀರಿದ್ರೆ 135 ಯೂರೋ ದಂಡ, 0.8 ದಾಟಿದ್ರೆ ಅದು ಕ್ರಿಮಿನಲ್ ಕೇಸ್. ದಂಡದ ಮಾತು ಪಕ್ಕಕ್ಕಿಡಿ, ನದಿ ದಡದಲ್ಲಿ ಹೆಚ್ಚಿನ ಕಡೆ ತಡೆಗೋಡೆನೂ ಇರಲ್ಲ.

ಲೆಕ್ಕ ಹೀಗಿದೆ. ಶೇಕಡಾ 12ರ ವೈನ್ 100 ಮಿಲೀಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಅದು ಒಂದು ಸ್ಟ್ಯಾಂಡರ್ಡ್ ಗ್ಲಾಸ್. ಒಂದು ಗ್ಲಾಸ್‌ಗೆ ರಕ್ತದಲ್ಲಿ ಸುಮಾರು 0.2ರಿಂದ 0.25 ಗ್ರಾಂ ಏರತ್ತೆ, ಸಣ್ಣ ಮೈಕಟ್ಟಿನವರಿಗೆ ಇನ್ನೂ ಜಾಸ್ತಿ. ಇಳಿಯೋದು ಗಂಟೆಗೆ 0.10ರಿಂದ 0.15 ಮಾತ್ರ, ಕಾಫಿ ಕುಡಿದ್ರೂ ಅಷ್ಟೇ, ಬೆವರು ಸುರಿಸಿದ್ರೂ ಅಷ್ಟೇ. ಈಗ ಕಾವ್‌ಗೆ ಬನ್ನಿ: ರುಚಿಗೆ ಅಂತ ಹಾಕೋದು ಒಂದು ಸಲಕ್ಕೆ 40-50 ಮಿಲೀ, "ಸ್ವಲ್ಪಾನೇ ಅಲ್ವಾ" ಅನ್ಸತ್ತೆ, ಆದ್ರೆ ಆರು ಬಗೆ ರುಚಿ ನೋಡಿದ್ರೆ 240ರಿಂದ 300 ಮಿಲೀ, ಅಂದ್ರೆ ಎರಡೂವರೆಯಿಂದ ಮೂರು ಗ್ಲಾಸ್. ಅಲ್ಲಿಗೆ ಮಿತಿ ದಾಟಿತು.

ಅದಕ್ಕೆ ನನ್ನ ನಿಯಮ ಎರಡು. ಕಾವ್ ದಿನಕ್ಕೆ ಒಂದೇ, ಅದೂ ಸಂಜೆ, ರೂಮಿಗೆ ಹೋಗಿ ಸೈಕಲ್‌ಗೆ ಬೀಗ ಹಾಕಿ ನಡ್ಕೊಂಡು ಹೋಗೋಷ್ಟು ಹತ್ತಿರದ್ದು. ದಾರಿ ಮಧ್ಯದ ಕಾವ್‌ಗೆ ಹೋಗಲೇಬೇಕಾದ್ರೆ ಉಗುಳಬೇಕು. ಉಗುಳೋಕೆ ನಮಗೆ ಸಂಕೋಚ, ಬಡಿಸಿದವರ ಎದುರಿಗೇ ಉಗುಳೋದಾ ಅಂತ. ಅಲ್ಲಿ ಅದು ಮರ್ಯಾದೆಯ ಕೆಲಸ, ಅದಕ್ಕೆ ಅಂತಾನೇ "ಕ್ರಾಶ್ವಾರ್" ಅನ್ನೋ ಪಾತ್ರೆ ಇಟ್ಟಿರ್ತಾರೆ, ವೈನ್ ಮಾಡೋರೇ ಮೊದಲು ಉಗುಳ್ತಾರೆ. ಒಂದು ಗುಟುಕು ಬಾಯಿಗೆ ಹಾಕ್ಕೊಂಡು, ತುಟಿ ಸ್ವಲ್ಪ ತೆಗೆದು ಗಾಳಿ ಒಳಗೆಳೆದು, ನಾಲಿಗೆ ಮೇಲೆಲ್ಲಾ ಹೊರಳಿಸಿ, ಐದಾರು ಸೆಕೆಂಡ್ ಇಟ್ಕೊಂಡು, ಪಾತ್ರೆ ಹತ್ರ ಬಗ್ಗಿ ಸಣ್ಣ ಧಾರೇಲಿ ಬಿಡಿ. ಮೊದಲ ದಿನ ಗಲ್ಲದ ಮೇಲೆಲ್ಲಾ ಆಗತ್ತೆ, ರೂಮಲ್ಲಿ ನೀರಿಂದ ನಾಲ್ಕು ಸಲ ಅಭ್ಯಾಸ ಮಾಡ್ಕೊಂಡು ಹೋಗಿ. ಉಗುಳಿದ್ರೂ ಬಾಯೊಳಗಿಂದ ಸ್ವಲ್ಪ ದೇಹಕ್ಕೆ ಸೇರೇ ಸೇರತ್ತೆ, ಅದಕ್ಕೇ ನಾಲ್ಕು ಬಗೆಗೆ ನಿಲ್ಲಿಸಿ, ಪ್ರತಿ ಬಗೆ ಆದ್ಮೇಲೂ ನೀರು ಕುಡೀರಿ.

ಕುಡಿಯದೇ ಇರೋರು ಇದನ್ನೆಲ್ಲಾ ಬಿಟ್ಟುಬಿಡಿ, "ಜ್ಯೂ ದ ರೆಸ್ಯಾಂ" ಅಂತ ಕೇಳಿದ್ರೆ ಎಷ್ಟೋ ಕಡೆ ದ್ರಾಕ್ಷಿ ರಸ ಸಿಗತ್ತೆ, ಗುಹೆ ನೋಡೋಕೆ ಎಲ್ಲರಿಗೂ ಸ್ವಾಗತ.

ರಸ್ತೆಯ ಉಳಿದ ನಿಯಮಗಳು ಚಿಕ್ಕವು: ಕಿವೀಲಿ ಇಯರ್‌ಫೋನ್ ಹಾಕೋ ಹಾಗಿಲ್ಲ, ಕೈಯಲ್ಲಿ ಮೊಬೈಲ್ ಹಿಡಿಯೋ ಹಾಗಿಲ್ಲ, ಎರಡಕ್ಕೂ 135 ಯೂರೋ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ 2017ರಿಂದ ಕಡ್ಡಾಯ, ದೊಡ್ಡವರೂ ಹಾಕ್ಕೊಳ್ಳಿ. ರಾತ್ರಿ ಊರ ಹೊರಗೆ ಹೊಳೆಯೋ ಜಾಕೆಟ್ ಕಡ್ಡಾಯ.

ಹೆಜ್ಜೆ 6: ದಿನ ದಿನದ ದಾರಿ, ದಿನ ದಿನದ ರುಚಿ

ಬುಧವಾರ ಸೋಮ್ಯುರ್ ಬಿಟ್ಟು ಸುಮಾರು ಅರ್ಧ ಗಂಟೆಗೆ ಸೂಜೆ-ಶಾಂಪಿನ್ಯಿ ಅನ್ನೋ ಹಳ್ಳಿ ಬರತ್ತೆ. ಇಲ್ಲಿ ಸೈಕಲ್ ದಾರಿ ಬಂಡೆ ಒಳಗೇ ನುಗ್ಗತ್ತೆ. ಬಿಸಿಲಿಂದ ಒಮ್ಮೆಲೇ ತಂಪು ಕತ್ತಲೆ, ಎರಡೂ ಕಡೆ ಕಲ್ಲಲ್ಲೇ ಕೊರೆದ ಬಾಗಿಲು ಕಿಟಕಿ, ಒಂದು ಕಾಲದಲ್ಲಿ ಜನ ವಾಸ ಮಾಡ್ತಿದ್ದ ಬೀದಿ ಅದು. ಸೈಕಲ್ ಇಳಿದು ತಳ್ಕೊಂಡು ಹೋಗಿ, ಗೋಡೆ ಮುಟ್ಟಿದ್ರೆ ಬೆರಳಿಗೆ ಬಿಳಿ ಪುಡಿ ಅಂಟತ್ತೆ, ಅದೇ ತೂಫೋ. ಸೋಮ್ಯುರ್ ಸುತ್ತ ಇಂಥ ಗುಹೆಗಳಲ್ಲೇ ಅಣಬೆ ಬೆಳೀತಾರೆ, ದೊಡ್ಡ ಅಣಬೆಗೆ ಹೂರಣ ತುಂಬಿ ಬೇಯಿಸಿದ್ದಕ್ಕೆ "ಗಾಲಿಪೆತ್" ಅಂತಾರೆ. ಮಧ್ಯಾಹ್ನಕ್ಕೆ "ಫೂಏ" ಹುಡುಕಿ. ಅಂಗೈ ಅಗಲದ ಹಿಟ್ಟಿನ ತುಂಡನ್ನ ಸೌದೆ ಒಲೆಗೆ ಹಾಕ್ತಾರೆ, ಒಂದೆರಡು ನಿಮಿಷದಲ್ಲಿ ಪೂರಿ ಥರ ಉಬ್ಬತ್ತೆ, ಬಿಸಿ ಬಿಸಿಯಾಗಿ ಚಾಕುವಿಂದ ಸೀಳಿ ಒಳಗೆ ಬೆಣ್ಣೆ, ಬಿಳಿ ಬೀನ್ಸ್ ಕಾಳಿನ ಪಲ್ಯ, ಮೇಕೆ ಚೀಸ್ ತುಂಬ್ಕೊಂಡು ತಿನ್ನೋದು. ಮಾಂಸ ತಿನ್ನೋರು ಅದಕ್ಕೇ ರಿಯೆತ್ ಹಾಕ್ಕೊಳ್ತಾರೆ, ಕೊಬ್ಬಲ್ಲಿ ನಿಧಾನಕ್ಕೆ ಬೇಯಿಸಿ ಎಳೆ ಎಳೆ ಮಾಡಿದ ಹಂದಿಮಾಂಸ ಅದು. ಹಿಟ್ಟು ಮುಗಿಯೋ ತನಕ ತಂದು ಹಾಕ್ತಾನೇ ಇರ್ತಾರೆ ಅನ್ಸತ್ತೆ, ಮೂರಕ್ಕೆ ನಿಲ್ಲಿಸಿ, ಮುಂದೆ ಏರು ಇದೆ. ಕಾಂದ್ ಅನ್ನೋ ಹಳ್ಳೀಲಿ ವಿಯೆನ್ ನದಿ ಲ್ವಾರ್‌ಗೆ ಸೇರತ್ತೆ, ಎತ್ತರಕ್ಕೆ ಹತ್ತಿ ಸಂಗಮ ನೋಡಿ. ಅಲ್ಲಿಂದ ಶಿನೋಂ ತನಕ ಸಣ್ಣ ಏರಿಳಿತ.

ಶಿನೋಂ ಕೆಂಪು ವೈನಿನ ಊರು, ಕಾಬರ್ನೆ ಫ್ರಾಂಕ್ ದ್ರಾಕ್ಷಿ. ಸ್ವಲ್ಪ ತಂಪಾಗಿ, 15 ಡಿಗ್ರಿ ಆಸುಪಾಸಲ್ಲಿ ಕೊಡ್ತಾರೆ. ನದಿ ಹತ್ರದ ಮರಳು ಜಲ್ಲಿ ನೆಲದ್ದು ಹಗುರ, ಗುಡ್ಡದ ಸುಣ್ಣಕಲ್ಲಿನ ನೆಲದ್ದು ಗಟ್ಟಿ. ಸಂಜೆ ಹೋದಾಗ ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ರುಚಿ ನೋಡ್ತೀನಿ ಅಂತ ಕೇಳಿ, ಒಂದೇ ದ್ರಾಕ್ಷಿ ನೆಲ ಬದಲಾದ್ರೆ ಹೇಗೆ ಬೇರೆ ಆಗತ್ತೆ ಅನ್ನೋದು ಅರ್ಧ ಗಂಟೇಲಿ ನಾಲಿಗೆಗೇ ಗೊತ್ತಾಗತ್ತೆ.

ಗುರುವಾರ ಸಂತೇಲಿ ಚೀಸ್ ತಗೊಳ್ಳಿ. ಇಲ್ಲಿನ ರಾಜ "ಸ್ಯಾಂತ್-ಮೋರ್ ದ ತುರೆನ್", ಗೇಣುದ್ದಕ್ಕಿಂತ ಕಡಿಮೆ ಇರೋ ಕೊರಡಿನ ಆಕಾರ, ಮೇಲೆ ಬೂದಿ ಬಣ್ಣ, ಒಳಗೆ ಅಚ್ಚ ಬಿಳಿ. ಮಧ್ಯದಲ್ಲಿ ಉದ್ದಕ್ಕೂ ಒಂದು ರೈ ಹುಲ್ಲಿನ ಕಡ್ಡಿ ಇರತ್ತೆ, ಮುರೀದೆ ಇರ್ಲಿ ಅಂತ. ಆ ಕಡ್ಡಿನ ನಿಧಾನಕ್ಕೆ ತಿರುಗಿಸಿ ಎಳೆದು ಬೆಳಕಿಗೆ ಹಿಡೀರಿ, ಮೇಲೆ ಸಣ್ಣ ಅಕ್ಷರದಲ್ಲಿ ಚೀಸ್ ಹೆಸರು, ಮಾಡಿದವರ ಗುರುತು ಸುಟ್ಟು ಬರೆದಿರ್ತಾರೆ. ಅದಿದ್ರೆ ಅಸಲಿ. "ಫ್ರೆ" ಅಂದ್ರೆ ಎಳೇದು, ಮೊಸರಿನ ಹುಳಿ. "ದೆಮಿ-ಸೆಕ್" ಅರ್ಧ ಒಣಗಿದ್ದು. "ಸೆಕ್" ಪೂರ್ತಿ ಒಣಗಿದ್ದು, ಮೇಕೆ ವಾಸನೆ ಜೋರು. ಸೈಕಲ್ ಮೇಲೆ ಒಯ್ಯೋಕೆ ದೆಮಿ-ಸೆಕ್ ಒಳ್ಳೇದು, ಎಳೇದು ಕುಲುಕಿಗೆ ಪುಡಿ ಆಗತ್ತೆ.

ಆವತ್ತಿನ ದಾರೀಲೇ ರಿವಾರೆನ್ ಅನ್ನೋ ಊರು. ಇಲ್ಲಿ "ಪ್ವಾರ್ ತಾಪೆ" ಮಾಡ್ತಾರೆ, ಪೇರ್ ಹಣ್ಣಿನ ಸಿಪ್ಪೆ ಹೆರೆದು, ಸೌದೆ ಒಲೇಲಿ ದಿನಗಟ್ಟಲೆ ಒಣಗಿಸಿ, ಆಮೇಲೆ ಒತ್ತಿ ಚಪ್ಪಟೆ ಮಾಡ್ತಾರೆ. ಊಟದ ಟೇಬಲ್‌ನಲ್ಲಿ ವೈನಲ್ಲಿ ನೆನೆಸಿ ಕೊಡ್ತಾರೆ, ನಾನು ಒಣಗಿದ್ದನ್ನೇ ತಗೊಂಡು ಹ್ಯಾಂಡಲ್ ಬ್ಯಾಗಲ್ಲಿ ಹಾಕ್ಕೊಳ್ತೀನಿ. ಕೆಡಲ್ಲ, ತೂಕ ಇಲ್ಲ, ದಾರೀಲಿ ಸುಸ್ತಾದಾಗ ಎರಡು ಅಗಿದ್ರೆ ಕಾಲಿಗೆ ಜೀವ ಬರತ್ತೆ, ಅಂಗಡಿಯ ಯಾವ ಎನರ್ಜಿ ಬಾರ್‌ಗೂ ಆ ಹೊಗೆ ಬೆರೆತ ಸಿಹಿ ಇಲ್ಲ.

ಶುಕ್ರವಾರ ವಿಲಾಂದ್ರಿ ಅರಮನೆ ತೋಟ. ತರಕಾರಿನೇ ಹೂವಿನ ಥರ ಚೌಕ ಚೌಕವಾಗಿ ನೆಟ್ಟಿರೋದು ಇಲ್ಲಿ ನೋಡ್ಬೇಕು, ಎಲೆಕೋಸು, ಬೀಟ್, ಲೀಕ್ ಎಲ್ಲಾ ಬಣ್ಣಕ್ಕೆ ತಕ್ಕ ಹಾಗೆ. ಒಂದೂವರೆ ಗಂಟೆ ಕೊಡಿ. ಸಂಜೆ ತೂರ್ ತಲುಪಿದ್ರೆ ಬೇಸಿಗೆ ಕಾಲದಲ್ಲಿ ನದಿ ದಡದಲ್ಲಿ "ಗ್ಯಾಂಗೆತ್" ಇರತ್ತೆ, ಮರದ ಕೆಳಗೆ ಬೆಂಚು, ದೀಪದ ಸರ, ಸಾದಾ ತಿಂಡಿ, ಹಾಡು. ಐದು ದಿನವೂ ದೊಡ್ಡ ಊಟ ಮಾಡೋಕಾಗಲ್ಲ, ಈ ರಾತ್ರಿನ ಇಷ್ಟರಲ್ಲೇ ಮುಗಿಸಿ.

ಶನಿವಾರ ಬಿಳಿ ವೈನ್. ಲ್ವಾರ್‌ನ ಉತ್ತರ ದಡದಲ್ಲಿ ವೂವ್ರೆ, ದಕ್ಷಿಣದಲ್ಲಿ ನಿಮ್ಮ ದಾರಿ ಮೇಲೇ ಮೋಂಲ್ವಿ, ಎರಡೂ ಕಡೆ ಶೆನಿನ್ ಬ್ಲಾಂಕ್ ದ್ರಾಕ್ಷಿನೇ. ಇದೇ ದ್ರಾಕ್ಷಿಯಿಂದ ಸಿಹಿ ಇಲ್ಲದ "ಸೆಕ್", ಅರ್ಧ ಸಿಹಿ "ದೆಮಿ-ಸೆಕ್", ಜೇನಿನಂಥ "ಮೊಆಲ್ಯೋ", ಜೊತೆಗೆ ಗುಳ್ಳೆ ಬರೋದು, ಇಷ್ಟನ್ನೂ ಮಾಡ್ತಾರೆ. ಮೋಂಲ್ವಿ ಕಾವ್ ದಾರಿ ಮಧ್ಯ ಬರೋದ್ರಿಂದ ಇಲ್ಲಿ ಉಗುಳಿ, ಒಂದು ಬಾಟ್ಲಿ ದೆಮಿ-ಸೆಕ್ ತಗೊಂಡು ಆಂಬ್ವಾಜ್‌ಗೆ ಹೋಗಿ, ಸಂಜೆ ಅಲ್ಲಿ ಆ ಮೇಕೆ ಚೀಸಿನ ತುಂಡು ಸಿಕ್ಕಿದ್ರೆ ಅದರ ಜೊತೆ ಕುಡೀರಿ. ಮೇಕೆ ಚೀಸಿನ ಉಪ್ಪು ಹುಳಿ, ಈ ವೈನಿನ ಹುಳಿ ಸಿಹಿ, ಎರಡೂ ಒಂದನ್ನೊಂದು ಹಿಡ್ಕೊಳ್ಳತ್ತೆ, ಕೆಂಪು ವೈನಿನ ಜೊತೆ ಈ ಚೀಸ್ ತಿಂದ್ರೆ ನನಗೆ ಬಾಯಿ ಒಗರಾಗತ್ತೆ. ಲಿಯೊನಾರ್ಡೊ ಡಾ ವಿಂಚಿ ಕೊನೆಯ ವರ್ಷಗಳನ್ನ ಕಳೆದು 1519ರಲ್ಲಿ ತೀರಿಕೊಂಡ ಕ್ಲೋ ಲ್ಯೂಸೆ ಮನೆ ಇದೇ ಊರಲ್ಲಿ, ಮಧ್ಯಾಹ್ನ ಬೇಗ ತಲುಪಿದ್ರೆ ನೋಡ್ಬಹುದು.

ಭಾನುವಾರ ಸಂತೆಗೆ 9ಕ್ಕೇ ಹೋಗಿ, 11ಕ್ಕೆ ಹೊರಡಿ. ಬ್ರೆಡ್, ಟೊಮೇಟೊ, ಒಂದು ಹಿಡಿ ಚೆರ್ರಿ, ಚೀಸ್, ಇಷ್ಟೇ ತಗೊಂಡು ಶೋಮೋಂ ಹತ್ರ ನದಿ ದಡದಲ್ಲಿ ಹಲಗೆ ಹಾಸಿ ಊಟ ಮಾಡಿ. ಆವತ್ತಿನ 40 ಕಿಮೀಲಿ ಏರೂ ಇದೆ, ಮಧ್ಯಾಹ್ನ ವೈನ್ ಬೇಡ. ರಾತ್ರಿ ಬ್ಲ್ವಾದಲ್ಲಿ ತೆಗೆದಿರೋ ರೆಸ್ಟೋರೆಂಟ್ ಕಡಿಮೆ, ವಾರ ಮುಂಚೆನೇ ಟೇಬಲ್ ಬುಕ್ ಮಾಡಿ, ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೀರಿ, ಆಗ ಅವರಿಗೂ ತಯಾರಿಗೆ ಟೈಮ್ ಸಿಗತ್ತೆ, ನಿಮಗೂ ಬರೀ ಆಮ್ಲೆಟ್ ಬರಲ್ಲ.

ಬಾಟ್ಲಿ ಒಯ್ಯೋದು

ತುಂಬಿದ ಒಂದು ವೈನ್ ಬಾಟ್ಲಿ ಸುಮಾರು 1.2ರಿಂದ 1.5 ಕಿಲೋ. ದಿನಾ ಒಂದೊಂದು ಕೊಂಡ್ರೆ ಕೊನೇ ದಿನ ಸೈಕಲ್ ಹಿಂಭಾಗ ಆರೇಳು ಕಿಲೋ ಭಾರ, ಏರಲ್ಲಿ ಹ್ಯಾಂಡಲ್ ತೂಗಾಡತ್ತೆ. ಇಷ್ಟ ಆಗಿದ್ದರ ಲೇಬಲ್ ಫೋಟೊ ತೆಗೆದಿಟ್ಕೊಂಡು ಕೊನೇ ಊರಿನ ಅಂಗಡೀಲಿ ಹುಡುಕಿ, ಅಲ್ಲೆಲ್ಲೂ ಸಿಗದ ಚಿಕ್ಕ ಕಾವ್‌ನದ್ದು ಮಾತ್ರ ಅಲ್ಲೇ ತಗೊಳ್ಳಿ. ಬಾಟ್ಲಿಗೆ ಕಾಲುಚೀಲ ಎರಡು ಹಾಕಿ ಬಟ್ಟೆ ಮಧ್ಯೆ ನಿಲ್ಲಿಸಿ ಇಡಿ, ಎರಡು ಬಾಟ್ಲಿ ಇದ್ರೆ ಎರಡು ಕಡೆ ಬ್ಯಾಗಲ್ಲಿ ಒಂದೊಂದು. ಭಾರತಕ್ಕೆ ವಾಪಸ್ ಬರೋರಿಗೆ ಸುಂಕ ಇಲ್ಲದೆ ತರೋಕೆ ಬಿಡೋದು ಒಬ್ಬರಿಗೆ 2 ಲೀಟರ್ ಮದ್ಯ, 750 ಮಿಲೀ ಬಾಟ್ಲಿ ಲೆಕ್ಕದಲ್ಲಿ ಎರಡು ಆರಾಮಾಗಿ, ಮೂರನೇದು ಮಿತಿ ಮೀರತ್ತೆ. ನಾನು ಒಂದು ಶಿನೋಂ, ಒಂದು ಮೋಂಲ್ವಿ ತರ್ತೀನಿ, ಪ್ವಾರ್ ತಾಪೆ ಪೊಟ್ಟಣ ಎರಡು.